ಸಂಚಾರಿ ವಾದ್ಯಗುರುಗಳೂ ನಮ್ಮ ಶಾಲೆಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 ಮಹೋತ್ಸವದ ಸಭೆಗಳಲ್ಲಿ ಸಂಗೀತವನ್ನು ಕೇಳುವದು ನಮಗೆ ವಾಡಿಕೆಯಾಗಿದೆ. ಸಂಗೀತವನ್ನು ಕಲಿಸುವವನ ಯೋಗಕ್ಷೇಮವನ್ನು ವಿಚಾರಿಸುವದು ಮಾತ್ರ ಅಪರೂಪ. ಇಂದು ಆ ವಿಚಾರಕ್ಕೆ ಅವಕಾಶ ದೊರೆತದ್ದು ನಮ್ಮೆಲ್ಲರ ಭಾಗ್ಯವೆಂದೇ ಭಾವಿಸುತ್ತೇನೆ.

ವಿಷಯವಿದು. ಉತ್ತರ ಕನ್ನಡದ ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲೂಕುಗಳುಂಟು. ಅಲ್ಲಿಯ ಶಾಲೆಗಳಲ್ಲಿ ತಬಲಾ, ಹಾರ್ಮೋನಿಯಂ, ಕೊಳಲು, ಪಿಟೀಲು, ಚಂಡೆ, ಮದ್ದಳೆಗಳನ್ನು ಕಲಿಸಬೇಕಾದರೆ ಪ್ರತಿಯೊಂದು ಶಾಲೆಯೂ ಒಬ್ಬೊಬ್ಬ ವಾದ್ಯಗುರುವನ್ನು ಕಾಯಂ ಆಗಿ ಇಟ್ಟುಕೊಳ್ಳುವದು ಶಕ್ಯವಲ್ಲ. ಆದಕಾರಣ ಒಬ್ಬನೇ ಗುರು ವಾರಕ್ಕೊಂದು ದಿವಸ ಒಂದೊಂದು ಶಾಲೆಗೆ ಹೋಗಿ ಪಾಠ ಹೇಳಿ ಬರುವ ಸಂಚಾರ ಪದ್ಧತಿಯೇ ಸಾಧ್ಯವಾದ ದಾರಿ. ಇಂತಹ ಗುರುವಿಗೆ ಶಾಲೆಯು ಹೇಗೆ ಆಸರೆಯಾಗಬೇಕು ಎಂಬುದೇ ಪ್ರಶ್ನೆ. ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಒಂದು ತಲೆಮಾರಿನ ಮಕ್ಕಳ ಕೈಯಲ್ಲಿ ವಾದ್ಯ ಉಳಿಯುವದೋ, ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುವದೋ ಎಂಬುದು ಇದರ ಉತ್ತರವನ್ನೇ ಅವಲಂಬಿಸಿದೆ.

ಸಂಚಾರಿ ಗುರುವೆಂಬುದು ನಮಗೆ ಹೊಸ ಕಲ್ಪನೆಯಲ್ಲ. ಜಂಗಮವೆಂದರೆ ಚಲಿಸುವದು, ನಿಂತಲ್ಲಿ ನಿಲ್ಲದೆ ಅರಿವನ್ನು ಊರಿಂದೂರಿಗೆ ಒಯ್ಯುವದು. ವಾದ್ಯ ನುಡಿಸುವದೂ ನಮ್ಮಲ್ಲಿ ಹಗುರವಾದ ವೃತ್ತಿಯೆನಿಸಲಿಲ್ಲ. ಅಕ್ಕಸಾಲಿಗರಾಗಿದ್ದ ಕಿನ್ನರಿ ಬ್ರಹ್ಮಯ್ಯನವರು ಕಿನ್ನರಿಯನ್ನು ನುಡಿಸುವದನ್ನೇ ಕಾಯಕ ಮಾಡಿಕೊಂಡು ದಾಸೋಹ ನಡೆಯಿಸಿದರೆಂದು ಶರಣರ ಚರಿತ್ರೆಗಳು ಸಾರುತ್ತವೆ. ಡಕ್ಕೆಯ ಬೊಮ್ಮಣ್ಣನವರ ಹೆಸರಿನಲ್ಲಿಯೇ ಅವರ ವಾದ್ಯ ನಿಂತಿದೆ. ವಾದ್ಯವು ಕಾಯಕವಾದ ಮೇಲೆ ವಾದ್ಯ ಕಲಿಸುವದೂ ಕಾಯಕವೇ. ಕಾಯಕಕ್ಕೆ ತಕ್ಕ ಗೌರವವೂ ತಕ್ಕ ಅನುಕೂಲತೆಯೂ ಸಲ್ಲಬೇಕಾದದ್ದೇ.

ಸಮೀಪ ಕಾಲದ ಉದಾಹರಣೆಯು ನಿಮಗೆಲ್ಲ ತಿಳಿದದ್ದಾದರೂ ಇಲ್ಲಿ ಸ್ಮರಿಸತಕ್ಕದ್ದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಹುಟ್ಟು ಕುರುಡರಾದ ಗದಿಗೆಯ್ಯ ಎಂಬ ಬಾಲಕನನ್ನು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಕೈಹಿಡಿದು ಸಂಗೀತವಿದ್ಯೆಗೆ ಹಚ್ಚಿದರು. ಅವರೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಳ್ಳುವ ಮುನ್ನ ಅವರ ಸಂಗೀತ ಶಾಲೆಗೆ ಗೋಡೆಗಳಿರಲಿಲ್ಲ. ಶಿಷ್ಯ ಸಮೂಹವನ್ನು ಕಟ್ಟಿಕೊಂಡು ಅವರು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು (1914–2010) ಆ ಭಾರವನ್ನು ಹೊತ್ತರು. ಗಾಯನದೊಂದಿಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾದ ಅನೇಕ ವಾದ್ಯಗಳಲ್ಲಿ ಪಾರಂಗತರಾಗಿ ಅಸಂಖ್ಯ ಮಕ್ಕಳ ಕೈಗೆ ವಾದ್ಯವನ್ನು ಕೊಟ್ಟರು. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳ ಪರಂಪರೆಯು ಉತ್ತರ ಕನ್ನಡ ಜಿಲ್ಲೆಯ ಹಾಸಣಗಿಯವರೆಗೂ ಹಬ್ಬಿತೆಂಬುದನ್ನು ಸಂಗೀತಾಭಿಮಾನಿಗಳು ಬಲ್ಲರು.

ಆ ಸಂಚಾರಿ ಶಾಲೆ ಏಕೆ ಫಲ ಕೊಟ್ಟಿತು ಎಂಬುದನ್ನು ನಾವು ವಿಚಾರಿಸಬೇಕು. ಗುರು ಸಂಚರಿಸಿದರೆ ಶಿಷ್ಯರೂ ಅವರೊಡನೆ ಸಂಚರಿಸಿದರು. ಬೆಳಗಿನ ಅಭ್ಯಾಸವೂ ರಾತ್ರಿಯ ಅಭ್ಯಾಸವೂ ಗುರುವಿನ ಕಿವಿಯ ಅಳತೆಯಲ್ಲಿಯೇ ನಡೆದವು. ಊರ ಭಕ್ತರು ವಸತಿಯನ್ನೂ ಪ್ರಸಾದವನ್ನೂ ಒದಗಿಸಿದರು. ಈಗಿನ ನಮ್ಮ ಶಾಲೆಗಳಲ್ಲಿ ಸಂಗತಿ ತಿರುವುಮುರುವಾಗಿದೆ: ಗುರು ಬಂದು ಹೋಗುತ್ತಾನೆ, ಶಿಷ್ಯರು ಉಳಿಯುತ್ತಾರೆ. ಗುರು ಒಂದು ದಿವಸ ಇರುತ್ತಾನೆ, ಆರು ದಿವಸ ಇರುವದಿಲ್ಲ. ಮಹಾಶಯರೇ, ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ: ವಾದ್ಯವಿದ್ಯೆಯು ಗುರು ಬಂದ ದಿವಸ ಬಿತ್ತಲ್ಪಡುತ್ತದೆ, ಗುರುವಿಲ್ಲದ ಆರು ದಿವಸಗಳಲ್ಲಿ ಬೆಳೆಯುತ್ತದೆ ಅಥವಾ ಬಾಡುತ್ತದೆ. ಬಿತ್ತುವದು ಗುರುವಿನ ಕೆಲಸ. ಆ ಆರು ದಿವಸ ನೀರೆರೆಯುವದು ಶಾಲೆಯ ಕೆಲಸ.

ಇನ್ನು ಕರಾವಳಿಯ ಪರಿಸ್ಥಿತಿಯನ್ನು ನೋಡೋಣ. ಭಟ್ಕಳದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ನಡುವೆ ಹೊನ್ನಾವರ, ಅದರ ಬಳಿ ಶರಾವತಿಯ ಸೇತುವೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವು ಮೂರು ಊರುಗಳನ್ನೂ ಮುಟ್ಟುತ್ತದೆಯಾದರೂ ಶಾಲೆಯ ಗಂಟೆಗೂ ರೈಲಿನ ವೇಳೆಗೂ ಹೊಂದಿಕೆಯಾಗುವದು ಕಷ್ಟ, ಬಸ್ಸೇ ಗತಿ. ಹೊನ್ನಾವರದಲ್ಲಿ ಮನೆಯಿರುವ ಒಬ್ಬ ತಬಲಾ ಗುರುವಿನ ದಿನಚರಿಯನ್ನು ಊಹಿಸಿಕೊಳ್ಳಿರಿ. ಸೋಮವಾರ ಕುಮಟಾ, ಮಂಗಳವಾರ ಭಟ್ಕಳ, ಬುಧವಾರ ಶರಾವತಿಯ ದಂಡೆಯ ಒಂದು ಹಳ್ಳಿಯ ಶಾಲೆ. ಜುಲೈ ತಿಂಗಳ ಜಡಿಮಳೆಯಲ್ಲಿ ಎರಡು ಚೀಲಗಳನ್ನು ಹೊತ್ತು ಬಸ್ಸಿಳಿದು ಶಾಲೆಯನ್ನು ಮುಟ್ಟಿದರೆ, ಇಂದು ಪರೀಕ್ಷೆ ಇದೆಯೆಂದೋ, ಕೋಣೆಯಲ್ಲಿ ಪುಸ್ತಕಗಳ ಗಂಟು ತುಂಬಿದೆಯೆಂದೋ, ಮಕ್ಕಳು ಕ್ರೀಡಾಕೂಟಕ್ಕೆ ಹೋಗಿದ್ದಾರೆಂದೋ ಉತ್ತರ ಬರುತ್ತದೆ. ಪಾಠವಿಲ್ಲವೆಂದ ಮೇಲೆ ಸಂಭಾವನೆಯೂ ಇಲ್ಲ. ಯಾರೂ ಕೆಟ್ಟವರಲ್ಲ, ಮುಂಚಿತವಾಗಿ ತಿಳಿಸಬೇಕೆಂಬುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಇಂತಹ ನಾಲ್ಕು ವಾರಗಳು ಕಳೆದರೆ ಆ ಗುರು ಮನೆಯಲ್ಲಿಯೇ ನಾಲ್ಕು ಅನುಕೂಲಸ್ಥರ ಮಕ್ಕಳಿಗೆ ಪಾಠ ಹೇಳಿಕೊಂಡು ಉಳಿಯುತ್ತಾನೆ. ಆಗ ನಷ್ಟವಾಗುವದು ಯಾರಿಗೆ? ಮನೆಪಾಠಕ್ಕೆ ಹಣವಿಲ್ಲದ ಮೀನುಗಾರನ ಮಗಳಿಗೆ, ಗದ್ದೆ ಕೆಲಸದವನ ಮಗನಿಗೆ. ಶಾಲೆಯೊಂದೇ ಅವರ ಸಂಗೀತದ ಬಾಗಿಲು. ಅದು ಮುಚ್ಚಿದರೆ ಬೇರೆ ಬಾಗಿಲಿಲ್ಲ.

ಹಾಗಾದರೆ ಶಾಲೆಯು ಏನು ಮಾಡತಕ್ಕದ್ದು?

ಮೊದಲನೆಯದಾಗಿ, ಪ್ರತಿಯೊಂದು ಶಾಲೆಯಲ್ಲಿಯೂ ವಾದ್ಯಪಾಠದ ಹೊಣೆ ಹೊತ್ತ ಒಬ್ಬ ಸ್ಥಾನಿಕ ಅಧ್ಯಾಪಕರು ಅಥವಾ ಅಧ್ಯಾಪಿಕೆ ಇರಬೇಕು. ಅವರಿಗೆ ಸಂಗೀತ ಬರಬೇಕೆಂಬ ನಿಯಮವಿಲ್ಲ. ಕನ್ನಡ ಪಂಡಿತರಾಗಲಿ ಗಣಿತದವರಾಗಲಿ ಸಾಕು. ಪಾಠವಿಲ್ಲದ ವಾರವನ್ನು ಎರಡು ದಿವಸ ಮುಂಚೆ ಗುರುವಿಗೆ ತಿಳಿಸುವದು, ಪಾಠದ ಹೊತ್ತಿಗೆ ಮಕ್ಕಳನ್ನು ಕೂಡಿಸುವದು, ಕೋಣೆಯ ಬಾಗಿಲು ತೆರೆದಿಟ್ಟು ಆಗಾಗ ಬಂದು ನೋಡುವದು, ಗುರು ಹೋದ ಮೇಲೆ ಅಭ್ಯಾಸ ನಡೆಯಿತೇ ಎಂದು ವಿಚಾರಿಸುವದು, ಇವು ಅವರ ಕೆಲಸಗಳು. ಗುರುವೂ ಪ್ರತಿ ಪಾಠದ ಕೊನೆಗೆ ಒಂದು ಪುಸ್ತಕದಲ್ಲಿ ಮೂರೇ ಸಾಲು ಬರೆಯಲಿ: ಈ ವಾರ ಕಲಿಸಿದ್ದೇನು, ಯಾವ ಲಯದಲ್ಲಿ ಅಭ್ಯಾಸ ಮಾಡಬೇಕು, ಯಾವ ದೋಷವನ್ನು ತಿದ್ದಿಕೊಳ್ಳಬೇಕು. ಸಂಗೀತ ಬಾರದ ಅಧ್ಯಾಪಕರೂ ಆ ಮೂರು ಸಾಲುಗಳ ಆಧಾರದ ಮೇಲೆ ಮಕ್ಕಳ ಅಭ್ಯಾಸವನ್ನು ಕಾಯಬಲ್ಲರು. ಗುರು ತನ್ನ ಠೇಕಾವನ್ನು ಅಥವಾ ಪಲಟೆಯನ್ನು ಶಾಲೆಯ ಮೊಬೈಲಿನಲ್ಲಿ ಮುದ್ರಿಸಿ ಕೊಟ್ಟು ಹೋದರೆ, ಅವನ ಕೈ ಇಲ್ಲದಿದ್ದರೂ ಅವನ ಲಯ ಆರು ದಿವಸವೂ ಶಾಲೆಯಲ್ಲಿ ಇದ್ದಂತಾಯಿತು.

ಎರಡನೆಯದು ಕಾಲದ ಹಂಚಿಕೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಿರಿ. 40 ನಿಮಿಷದ ಅವಧಿಯಲ್ಲಿ 40 ಮಕ್ಕಳನ್ನು ಕೂಡಿಸಿದರೆ ಒಂದು ಮಗುವಿನ ಪಾಲಿಗೆ ಒಂದು ನಿಮಿಷ ಬಂತು. ಗಾಯನದಲ್ಲಿ 40 ಕಂಠಗಳು ಒಟ್ಟಿಗೆ ಹಾಡಬಹುದು. ಆದರೆ ವಾದ್ಯದಲ್ಲಿ ಗುರು ಪ್ರತಿ ಮಗುವಿನ ಮಣಿಕಟ್ಟನ್ನೂ ಬೆರಳನ್ನೂ ಕೂತ ರೀತಿಯನ್ನೂ ತಿದ್ದಬೇಕು. ಮೊದಲ ತಿಂಗಳಲ್ಲಿ ತಪ್ಪಿ ಕೂತ ಬೆರಳು ಮೂರು ವರ್ಷವಾದರೂ ಸರಿಹೋಗುವದು ಕಷ್ಟ. ಆದ್ದರಿಂದ ಎಂಟೆಂಟು ಮಕ್ಕಳ ಗುಂಪು ಮಾಡಿದರೆ ಒಬ್ಬೊಬ್ಬರಿಗೆ ಐದೈದು ನಿಮಿಷ ದೊರೆಯುತ್ತದೆ. ಅದರ ಮೇಲೆ ದಿನಕ್ಕೆ 15 ನಿಮಿಷದಂತೆ ಆರು ದಿವಸ ಅಭ್ಯಾಸ ಮಾಡಿಸಿದರೆ ವಾರಕ್ಕೆ ಒಂದೂವರೆ ತಾಸು ಆಯಿತು. ಗುರು ಕೊಟ್ಟ ಐದು ನಿಮಿಷವನ್ನು ಶಾಲೆಯು ತೊಂಬತ್ತು ನಿಮಿಷವಾಗಿ ಬೆಳೆಸಬಲ್ಲದು. ಇದಕ್ಕೆ ಖರ್ಚು ಏನೂ ಇಲ್ಲ, ಮನಸ್ಸು ಮಾತ್ರ ಬೇಕು.

ವಾದ್ಯಪಾಠಕ್ಕೆ ಮಗುವನ್ನು ಕಳಿಸಿದರೆ ಗಣಿತದ ಪಾಠ ತಪ್ಪುತ್ತದೆಂದು ಅಧ್ಯಾಪಕರು ಆಕ್ಷೇಪಿಸುವದುಂಟು; ಆ ಆಕ್ಷೇಪ ನ್ಯಾಯವಾದದ್ದೇ. ಶಾಲೆಯಿಂದ ಶಾಲೆಗೆ ಸಂಚರಿಸುವ ವಾದ್ಯಶಿಕ್ಷಕರ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿರುವ ಇಂಗ್ಲಂಡಿನಲ್ಲಿ ಇದಕ್ಕೊಂದು ಸುಲಭ ಉಪಾಯವುಂಟು. ಪಾಠದ ವೇಳೆಯನ್ನು ವಾರದಿಂದ ವಾರಕ್ಕೆ ಸರದಿಯ ಮೇಲೆ ಬದಲಿಸುತ್ತಾರೆ. ಈ ವಾರ ಮೊದಲನೆಯ ಅವಧಿಯಲ್ಲಿ ಹೋದ ಗುಂಪು ಮುಂದಿನ ವಾರ ಎರಡನೆಯ ಅವಧಿಯಲ್ಲಿ ಹೋಗುತ್ತದೆ. ಹೀಗಾಗಿ ಯಾವ ಮಗುವಿಗೂ ಒಂದೇ ವಿಷಯ ಮೇಲಿಂದ ಮೇಲೆ ತಪ್ಪುವದಿಲ್ಲ. ಸರದಿಯ ಪಟ್ಟಿಯನ್ನು ಅಧ್ಯಾಪಕರ ಕೋಣೆಯಲ್ಲಿ ಅಂಟಿಸಿದರೆ ಮುಗಿಯಿತು.

ಮೂರನೆಯದು ಸ್ಥಳ ಮತ್ತು ವಾದ್ಯಗಳ ರಕ್ಷಣೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆ ಸೀಮೆಯಲ್ಲಿ ವಾದ್ಯಕ್ಕೆ ಮಳೆಗಾಲವೇ ದೊಡ್ಡ ಶತ್ರು. ತೇವದಿಂದ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಕರಣೆಯ ಅಂಚು ಏಳುತ್ತದೆ. ಹಾರ್ಮೋನಿಯಂದ ಸ್ವರಗಳು ಅಂಟಿಕೊಂಡು ಮೂಕವಾಗುತ್ತವೆ. ಉಪ್ಪುಗಾಳಿಗೆ ಪಿಟೀಲು ಸಿತಾರುಗಳ ತಂತಿ ತುಕ್ಕು ಹಿಡಿಯುತ್ತದೆ. ಸರಕಾರದಿಂದಲೋ ದಾನಿಗಳಿಂದಲೋ ಬಂದ ವಾದ್ಯಗಳು ಒಂದೇ ಮಳೆಗಾಲದಲ್ಲಿ ಕೆಟ್ಟು, ಬಂದ ಗುರು ಅರ್ಧ ಅವಧಿಯನ್ನು ಗಟ್ಟೆ ಬಡಿಯುವದರಲ್ಲಿಯೇ ಕಳೆಯಬೇಕಾಗುತ್ತದೆ. ಇದಕ್ಕೆ ಮದ್ದು ಬಹು ಸರಳ. ನೆಲಕ್ಕೆ ತಾಗದ, ಗೋಡೆಗೆ ಒತ್ತದ ಒಂದು ಮರದ ಕಪಾಟು. ಮಳೆಗಾಲದಲ್ಲಿ ಅದರೊಳಗೆ ವಾದ್ಯಕ್ಕೆ ತಾಗದಂತೆ ಉರಿಯುವ ಒಂದು ಚಿಕ್ಕ ಬಲ್ಬು. ತಬಲಾಕ್ಕೆ ಹತ್ತಿಯ ದಪ್ಪ ಹೊದಿಕೆ. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ. ಈ ಕೆಲಸವನ್ನು ಮಕ್ಕಳಿಗೇ ಸರದಿಯಂತೆ ವಹಿಸಬೇಕು. ವಾದ್ಯವನ್ನು ಜೋಪಾನ ಮಾಡಲು ಕಲಿತ ಮಗು ವಾದ್ಯವಿದ್ಯೆಯ ಮೊದಲನೆಯ ಪಾಠವನ್ನು ಕಲಿತಂತೆಯೇ.

ವಾದ್ಯಗಳು ಸಾಲವೆಂಬ ಕೊರಗು ಬೇಡ. ತಬಲಾದ ಬೋಲುಗಳನ್ನು ಬಾಯಲ್ಲಿ ಹೇಳುತ್ತ ಕೈಯಲ್ಲಿ ತಾಳ ಹಾಕುವದು ಪರಂಪರೆಯ ಅಭ್ಯಾಸಕ್ರಮವೇ ಆಗಿದೆ. ತೀನತಾಲದ 16 ಮಾತ್ರೆಗಳು ಬಾಯಲ್ಲಿ ನಿಂತ ಮಗುವಿಗೆ ಕೈಯಲ್ಲಿ ಅವು ಬೇಗ ನಿಲ್ಲುತ್ತವೆ. ಎರಡು ಜೋಡಿ ತಬಲಾ ಇದ್ದರೆ ಎಂಟು ಮಕ್ಕಳ ಗುಂಪು ನಡೆಯಬಲ್ಲದು: ಇಬ್ಬರು ನುಡಿಸಲಿ, ಉಳಿದವರು ಬಾಯಿಂದ ಹೇಳಿ ತಾಳ ಹಾಕಲಿ.

ನಾಲ್ಕನೆಯದು ಸಂಭಾವನೆ. ಇದನ್ನು ಹೇಳಲು ಸಂಕೋಚಪಡುವ ಕಾರಣವಿಲ್ಲ. ತಾಸಿನ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯಲ್ಲಿ ಮಳೆಯ ನಿಮಿತ್ತ ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಗುರುವಿನ ಅಂದಿನ ಅನ್ನ ಹೋಯಿತು. ದಸರೆಯ ರಜೆ, ಪರೀಕ್ಷೆ, ಬೇಸಿಗೆ ಎಲ್ಲವೂ ಅವನಿಗೆ ಉಪವಾಸದ ಕಾಲವೇ. ಶಾಲೆಯು ವರ್ಷಕ್ಕೆ ಇಷ್ಟು ಪಾಠಗಳೆಂದು ಆರಂಭದಲ್ಲಿಯೇ ನಿಶ್ಚಯಿಸಿ, ಒಟ್ಟು ಮೊತ್ತವನ್ನು ತಿಂಗಳುಗಳಿಗೆ ಸಮನಾಗಿ ಹಂಚಿ ಕೊಡಲಿ; ತಪ್ಪಿದ ಪಾಠಗಳನ್ನು ಮುಂದೆ ಕೂಡಿಸಿಕೊಳ್ಳಲಿ. ಬಸ್ಸಿನ ಖರ್ಚನ್ನು ಬೇರೆಯಾಗಿ ಕೊಡಲಿ. ಒಂದೇ ಊರಿನ ಎರಡು ಮೂರು ಶಾಲೆಗಳು ಕೂಡಿಕೊಂಡು ಒಬ್ಬ ಗುರುವಿಗೆ ಒಂದು ಪೂರ್ಣ ದಿವಸದ ಕೆಲಸ ಕೊಟ್ಟರೆ ಅವನ ಪ್ರಯಾಣವೂ ಸಾರ್ಥಕ, ಶಾಲೆಗಳ ಭಾರವೂ ಹಗುರ. ಮಧ್ಯಾಹ್ನದ ಊಟಕ್ಕೆ ಅಧ್ಯಾಪಕರೊಡನೆ ಕೂಡಲು ಒಂದು ಸ್ಥಳ, ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ವಾರ್ಷಿಕೋತ್ಸವದ ದಿವಸ ವೇದಿಕೆಯ ಮೇಲೆ ಒಂದು ಆಸನ, ಇವುಗಳಿಗೆ ಬೆಲೆಯಿಲ್ಲ. ಆದರೆ ಇವುಗಳಿಂದಲೇ ಗುರು ಆ ಶಾಲೆಯನ್ನು ನನ್ನ ಶಾಲೆ ಎನ್ನುತ್ತಾನೆ.

ಐದನೆಯದಾಗಿ, ಗುರುಗಳನ್ನು ದೂರದಿಂದಲೇ ಹುಡುಕಬೇಕೆಂದಿಲ್ಲ. ಹೊನ್ನಾವರ ಸೀಮೆ ಯಕ್ಷಗಾನದ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ನೆಲವದು. ಅವರ ಪುತ್ರ ಶಂಭು ಹೆಗಡೆಯವರು ಗುಣವಂತೆಯಲ್ಲಿ ಯಕ್ಷಗಾನ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಚಂಡೆ ಮದ್ದಳೆಗಳನ್ನು ಬಲ್ಲ ಕೈಗಳು ಅಲ್ಲಿ ಊರೂರಿಗೂ ಉಂಟು. ಮೇಳಗಳ ತಿರುಗಾಟವು ಸಾಮಾನ್ಯವಾಗಿ ನವೆಂಬರದಿಂದ ಮೇ ತಿಂಗಳವರೆಗೆ ನಡೆಯುತ್ತದೆ. ಆಗ ಕಲಾವಿದರು ರಾತ್ರಿಯೆಲ್ಲ ಆಟದಲ್ಲಿದ್ದು ಹಗಲು ನಿದ್ರಿಸುತ್ತಾರೆ. ಮಳೆಗಾಲದಲ್ಲಿ ಅವರು ಮನೆಯಲ್ಲಿರುತ್ತಾರೆ, ಆದಾಯವೂ ಇರುವದಿಲ್ಲ. ಶಾಲೆಗಳು ಆರಂಭವಾಗುವದೂ ಆಗಲೇ. ಆದ್ದರಿಂದ ಚಂಡೆ ಮದ್ದಳೆಯ ಪಾಠಗಳನ್ನು ಜೂನಿನಿಂದ ಅಕ್ಟೋಬರದೊಳಗೆ ಒತ್ತಾಗಿ ಇಟ್ಟುಕೊಂಡರೆ ಇಬ್ಬರಿಗೂ ಅನುಕೂಲ. ಕುಮಟಾ ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರ ಗುಮಟೆಯನ್ನೂ ಮರೆಯಬಾರದು. ಮಣ್ಣಿನ ಆ ವಾದ್ಯವನ್ನು ಬಲ್ಲ ಹಿರಿಯರನ್ನು ಶಾಲೆಗೆ ಕರೆದು ಗುರುಪೀಠದಲ್ಲಿ ಕೂಡಿಸಿದರೆ, ಅವರ ಮೊಮ್ಮಕ್ಕಳು ಅದೇ ಶಾಲೆಯಲ್ಲಿ ತಲೆಯೆತ್ತಿ ಕೂಡುವರು. ಸ್ಥಳೀಯ ಕಲಾವಿದರನ್ನು ಶಾಲೆಗಳು ಬೋಧಕರನ್ನಾಗಿ ಬಳಸಿಕೊಳ್ಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಹೇಳಲಾಗಿದೆ. ಪ್ರಮಾಣಪತ್ರವಿಲ್ಲವೆಂಬ ಒಂದೇ ಕಾರಣದಿಂದ ಇಂಥವರನ್ನು ಹೊರಗಿಡುವದು ವಿವೇಕವಲ್ಲ.

ಆರನೆಯದು, ಮಕ್ಕಳಿಗೆ ಒಂದು ಗುರಿ. 1931ರಲ್ಲಿ ಸ್ಥಾಪಿತವಾದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಪ್ರಾರಂಭಿಕದಿಂದ ಮೊದಲಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಇಚ್ಛೆಯುಳ್ಳ ಮಕ್ಕಳನ್ನು ಅಂತಹ ಪರೀಕ್ಷೆಗೆ ಕೂಡಿಸುವ ಕಾಗದಪತ್ರದ ಕೆಲಸವನ್ನು ಶಾಲೆಯು ವಹಿಸಿಕೊಳ್ಳಲಿ. ಆದರೆ ಪರೀಕ್ಷೆಗಿಂತಲೂ ದಿನದ ಪ್ರಾರ್ಥನೆಯೇ ದೊಡ್ಡ ವೇದಿಕೆ. ಮಕ್ಕಳು ವಚನಗಳನ್ನೂ ನಾಡಗೀತೆಯನ್ನೂ ಹಾಡುವಾಗ ಶಾಲೆಯ ಮಕ್ಕಳೇ ಹಾರ್ಮೋನಿಯಂ ಹಿಡಿದು ತಬಲಾ ನುಡಿಸಲಿ. ದಿನವೂ ಮುನ್ನೂರು ಮಂದಿಯ ಎದುರಿಗೆ ನುಡಿಸುವ ಮಗುವಿಗೆ ಅಭ್ಯಾಸ ಮಾಡೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಎರಡು ತೊಡಕುಗಳು ಉಳಿಯುತ್ತವೆ. ಹತ್ತನೆಯ ಇಯತ್ತೆ ಬಂತೆಂದರೆ ಪಾಲಕರು ವಾದ್ಯವನ್ನು ಬಿಡಿಸುತ್ತಾರೆ. ಮೂರು ವರ್ಷ ಕಲಿತ ಕೈ ಒಂದು ವರ್ಷ ಸುಮ್ಮನಿದ್ದರೆ ಹಿಂದಕ್ಕೆ ಬರುವದು ಕಡಿಮೆ. ಪೂರ್ಣ ಬಿಡಿಸುವ ಬದಲು ಆ ವರ್ಷ ಹೊಸ ಪಾಠವಿಲ್ಲದೆ ಹಳೆಯದನ್ನೇ ದಿನಕ್ಕೆ ಹತ್ತು ನಿಮಿಷ ನುಡಿಸಿಕೊಂಡಿರಲಿ ಎಂದು ಪಾಲಕರಿಗೆ ತಿಳಿಹೇಳುವದು ಮುಖ್ಯಾಧ್ಯಾಪಕರಿಂದ ಮಾತ್ರ ಆಗತಕ್ಕ ಕೆಲಸ. ವಾರಕ್ಕೊಮ್ಮೆ ಬರುವ ಗುರುವಿನ ಮಾತು ಅಲ್ಲಿ ನಡೆಯುವದಿಲ್ಲ. ಇನ್ನೊಂದು ತೊಡಕು, ಹೆಣ್ಣುಮಕ್ಕಳಿಗೆ ಹಾಡು ಸಾಕು, ತಬಲಾ ಮದ್ದಳೆ ಸಲ್ಲವೆಂಬ ನುಡಿ. ಸ್ತ್ರೀಪುರುಷ ಭೇದವೆಣಿಸದ ಶರಣರ ಮಾರ್ಗದಲ್ಲಿ ನಡೆಯುವ ನಮಗೆ ಇದರ ಉತ್ತರ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಭಕ್ತರಲ್ಲಿ ಒಂದು ಬಿನ್ನಹ. ಮಠಗಳು ವಿದ್ಯಾರ್ಥಿಗಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು ನಾಡಿನ ವಿದ್ಯಾಭ್ಯಾಸವನ್ನು ಬೆಳೆಸಿದವು. ಅದೇ ದಾಸೋಹದ ಬುದ್ಧಿಯನ್ನು ವಾದ್ಯಕ್ಕೂ ವಾದ್ಯಗುರುವಿಗೂ ವಿಸ್ತರಿಸಬಹುದು. ಮದುವೆಯ ನೆನಪಿಗೆ, ಹಿರಿಯರ ಪುಣ್ಯತಿಥಿಗೆ ಶಾಲೆಗೊಂದು ಜೋಡಿ ತಬಲಾ ಕೊಡಬಹುದು. ತಬಲಾ ಕೊಟ್ಟವರು ಅದನ್ನಿಡುವ ಕಪಾಟನ್ನೂ ವರ್ಷಕ್ಕೊಮ್ಮೆ ಚರ್ಮ ಬದಲಿಸುವ ಖರ್ಚನ್ನೂ ಕೊಟ್ಟರೆ ದಾನ ಪೂರ್ಣವಾಯಿತು. ದೂರದ ಊರಿನಿಂದ ಬರುವ ಗುರುವಿಗೆ ಒಂದು ರಾತ್ರಿಯ ವಸತಿ ಕೊಡಬಹುದು. ಮಠದ ಆಡಳಿತದಲ್ಲಿರುವ ಶಾಲೆಗಳು ಈ ಆರು ಸೂಚನೆಗಳಲ್ಲಿ ಮೊದಲನೆಯದನ್ನಾದರೂ ಬರುವ ಜೂನಿನಿಂದಲೇ ನಡೆಸಿ ನೋಡಬಹುದು. ಒಬ್ಬ ಅಧ್ಯಾಪಕರ ಹೆಸರನ್ನು ಗೊತ್ತುಮಾಡಿದರೆ ಉಳಿದವು ತಾವಾಗಿ ಹಿಂಬಾಲಿಸುವವು.

ಶರಣ ಬಂಧುಗಳೇ, ಗುರು ಚಲಿಸುತ್ತಲೇ ಇರಲಿ. ಅದು ಅವನ ಧರ್ಮ. ಅವನು ಬಿಟ್ಟು ಹೋದ ನಾದವು ಮಾತ್ರ ನಮ್ಮ ಶಾಲೆಗಳಲ್ಲಿ ನೆಲೆಯಾಗಿ ನಿಲ್ಲಲಿ. ಅದು ನಮ್ಮ ಧರ್ಮ.